ಎಂಜಿನ್‌ಗೆ ಬಣ್ಣ ಬಳಿದೆವು, ಬೆಂಕಿ ಹಾಕಿದವರನ್ನು ಕೇಳಲಿಲ್ಲ

ರೈಲು ನಿಲ್ದಾಣಗಳ, ರೈಲ್ವೆ ಕಚೇರಿಗಳ ಎದುರು ಸಿಮೆಂಟ್ ಕಟ್ಟೆಯ ಮೇಲೆ ಹಳೆಯ ಉಗಿ ಎಂಜಿನ್ ನಿಂತಿರುವುದನ್ನು ನೀವೂ ನೋಡಿರುತ್ತೀರಿ. ಮೈಗೆಲ್ಲ ಕಪ್ಪು ಎನಾಮೆಲ್, ಚಕ್ರದ ಅಂಚಿಗೆ ಬಿಳಿ, ಮುಂದಿನ ತೊಲೆಗೆ ಕೆಂಪು. ಸುತ್ತ ಹುಲ್ಲುಹಾಸು, ಸಂಜೆಯಾದರೆ ಬಣ್ಣದ ದೀಪ. ಪಕ್ಕದಲ್ಲೊಂದು ಫಲಕ: ಯಾವ ವರ್ಗದ್ದು, ಯಾವ ಕಾರ್ಖಾನೆಯದು, ಯಾವ ಇಸವಿಯದು, ತೂಕ ಎಷ್ಟು. ಮಕ್ಕಳು ಮೇಲೆ ಹತ್ತಲು ಹೋದರೆ ಕಾವಲಿನವನು ಗದರುತ್ತಾನೆ. ನಾನು ನೋಡಿದ ಇಂಥ ಯಾವ ಫಲಕದಲ್ಲೂ ಆ ಎಂಜಿನ್ನಿನ ಬೆಂಕಿಬಾಗಿಲ ಎದುರು ನಿಂತು ಸಲಿಕೆ ಬೀಸಿದ ಒಬ್ಬನ ಹೆಸರೂ ಇಲ್ಲ. ಹೆಸರು ಹೋಗಲಿ, ಅದನ್ನು ಓಡಿಸಲು ಎಷ್ಟು ಜನ ಬೇಕಿತ್ತು ಎಂಬ ಒಂದು ಸಾಲೂ ಇಲ್ಲ.

ನಾನು ಅರಸೀಕೆರೆಯ ರೈಲ್ವೆ ಕಾಲೊನಿಯಲ್ಲಿ ಬೆಳೆದವಳು, ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತಳಾದವಳು. ಅಪ್ಪ ಉಗಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿ ಸೇರಿ ಡ್ರೈವರ್ ಆಗಿ ಕೆಲಸ ಮುಗಿಸಿದರು. ಅವರು ಈಗಿಲ್ಲ. ಉಗಿಬಂಡಿಯ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರುವ ನೆನಪಿನ ಲೇಖನಗಳನ್ನು ತಪ್ಪದೆ ಓದುತ್ತೇನೆ. ಹೆಚ್ಚಿನವು ಮೂರನೇ ಡಬ್ಬಿಯ ಕಿಟಕಿಯಿಂದ ಬರೆದವು. ಕೂಗು, ಹೊಗೆ, ಕಣ್ಣಿಗೆ ಬಿದ್ದ ಕಿಡಿ, ಅಜ್ಜಿಯ ಊರು. ಅದರಲ್ಲಿ ತಪ್ಪೇನಿಲ್ಲ. ಎಂಜಿನ್ನಿನ ಒಳಗಿನಿಂದ ಬರೆದದ್ದು ಕನ್ನಡದಲ್ಲಿ ನನಗೆ ಸಿಕ್ಕಿಯೇ ಇಲ್ಲ ಎನ್ನುವುದಷ್ಟೇ ನನ್ನ ದೂರು. ಉಗಿಯ ಕೊನೆಯ ವರ್ಷಗಳಲ್ಲಿ ದುಡಿದವರು ಈಗ ಎಪ್ಪತ್ತು ದಾಟಿದ್ದಾರೆ, ಹಲವರು ಎಂಬತ್ತು ದಾಟಿದ್ದಾರೆ. ಅವರ ತಲೆಯಲ್ಲಿರುವುದನ್ನು ಇನ್ನು ಕೆಲವೇ ವರ್ಷಗಳಲ್ಲಿ ಬರೆದುಕೊಳ್ಳದಿದ್ದರೆ ಆಮೇಲೆ ಬರೆದುಕೊಳ್ಳಲು ಯಾರೂ ಇರುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಉಗಿ ಹೋದದ್ದಕ್ಕೆ ನನಗೆ ದುಃಖವಿಲ್ಲ. ನಮ್ಮಮ್ಮನಿಗಂತೂ ಮೊದಲೇ ಇರಲಿಲ್ಲ. ಎಂಜಿನ್ ಶೆಡ್ಡಿನ ಕಡೆಯಿಂದ ಗಾಳಿ ಬೀಸಿದ ದಿನ ಹಗ್ಗದ ಮೇಲಿನ ಬಿಳಿ ಪಂಚೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಹಪ್ಪಳ ಸಂಡಿಗೆ ಒಣಗಿಸುವುದಕ್ಕೆ ಕಾಲೊನಿಯ ಹೆಂಗಸರು ಊರೊಳಗಿನ ನೆಂಟರ ಮನೆಯ ತಾರಸಿಗೆ ಹೋಗುತ್ತಿದ್ದರು. ರಾತ್ರಿ ಒಂದು ಗಂಟೆಗೆ, ಎರಡು ಗಂಟೆಗೆ ಡ್ಯೂಟಿಗೆ ಕರೆಯಲು ಕಾಲ್‌ಬಾಯ್ ಬಂದು ಬಾಗಿಲು ಬಡಿಯುತ್ತಿದ್ದ. ಅವನಿಗೆ ಅರವತ್ತು ವರ್ಷವಾಗಿದ್ದರೂ ಕಾಲ್‌ಬಾಯೇ. ಅಪ್ಪ ನಿದ್ದೆಗಣ್ಣಲ್ಲಿ ಅವನ ಪುಸ್ತಕಕ್ಕೆ ರುಜು ಹಾಕಬೇಕು, ಅಮ್ಮ ಎದ್ದು ಒಲೆ ಹಚ್ಚಬೇಕು, ಆ ಸದ್ದಿಗೆ ನಾವೆಲ್ಲ ಏಳಬೇಕು. ಅಪ್ಪನ ಮೊಣಕೈಯಿಂದ ಕೆಳಗೆ ಕೂದಲೇ ಬೆಳೆಯುತ್ತಿರಲಿಲ್ಲ. ನಿವೃತ್ತಿಯಾದ ಮೇಲೂ ಬೆಳಗಿನ ಕೆಮ್ಮು ಬಿಡಲಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಕೂತು ಹೋಗುವ ಸೀಟು ಇದೆ ಎಂದು ಮೊದಲ ಸಲ ತಿಳಿದಾಗ ಅಮ್ಮ ಹೇಳಿದ್ದು ಒಂದೇ ಮಾತು: "ಮೊದಲೇ ತರೋಕೆ ಇವರಿಗೇನಾಗಿತ್ತು?"

ರೈಲ್ವೆಯ ಲೆಕ್ಕವೂ ಅಮ್ಮನ ಕಡೆಗೇ ಇತ್ತು. ಸುಟ್ಟ ಕಲ್ಲಿದ್ದಲಿನ ಶಕ್ತಿಯಲ್ಲಿ ನೂರಕ್ಕೆ ಏಳೆಂಟು ಪಾಲು ಚಕ್ರಕ್ಕೆ ತಲುಪಿದರೆ ಹೆಚ್ಚು, ಉಳಿದದ್ದೆಲ್ಲ ಚಿಮಣಿಯಿಂದ ಆಕಾಶಕ್ಕೆ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿ ಇಲ್ಲ. ಅದು ದೂರದಿಂದ, ರೈಲಿನಲ್ಲೇ ಬರಬೇಕು, ಬಂದದ್ದರಲ್ಲಿ ಬೂದಿಯ ಪಾಲೇ ಜಾಸ್ತಿ. ನೀರಿಗೆ ಮತ್ತೆ ಮತ್ತೆ ನಿಲ್ಲಿಸಬೇಕು. ಗಡಸು ನೀರಾದರೆ ಬಾಯ್ಲರ್ ಒಳಗೆ ಗಾರೆ ಕಟ್ಟುತ್ತದೆ, ಅದನ್ನು ತೊಳೆಯಲು ಎಂಜಿನ್ನನ್ನು ಪೂರ್ತಿ ಆರಿಸಿ ತಣ್ಣಗಾಗಿಸಬೇಕು, ಮತ್ತೆ ಬೆಂಕಿ ಹಾಕಿ ಸ್ಟೀಮ್ ಏರಿಸಲು ಗಂಟೆಗಟ್ಟಲೆ ಕಾಯಬೇಕು. 1980-81ರಲ್ಲಿ ದೇಶದಲ್ಲಿ 7,469 ಉಗಿ ಎಂಜಿನ್ ಇದ್ದವು. ಹತ್ತು ವರ್ಷದ ನಂತರ 2,915. 2000-01ರಲ್ಲಿ 54. ನಡುವೆ 1992ರಲ್ಲಿ ಬಹುಪಾಲು ದಾರಿಗಳನ್ನು ಬ್ರಾಡ್‌ಗೇಜ್ ಮಾಡುವ ಯೋಜನೆ ಬಂತು. ಅಲ್ಲಿಗೆ ನಮ್ಮ ಮೀಟರ್‌ಗೇಜ್ ಎಂಜಿನ್ನುಗಳಿಗೆ ಬೆಂಕಿ ಮಾತ್ರವಲ್ಲ, ನಿಲ್ಲಲು ಹಳಿಯೂ ಇಲ್ಲದಾಯಿತು. ಚಿತ್ತರಂಜನ್ ಕಾರ್ಖಾನೆ ತನ್ನ ಕೊನೆಯ ಉಗಿ ಎಂಜಿನ್ನನ್ನು, ಅದೂ ಮೀಟರ್‌ಗೇಜಿನ ವೈಜಿ ವರ್ಗದ ಒಂದನ್ನು, ಹೊರಗೆ ಕಳಿಸಿದ್ದು 1972ರಲ್ಲಿ. ಅದರ ವಾರಿಗೆಯವು ನಡುವಯಸ್ಸಿನಲ್ಲೇ ಗುಜರಿ ತೂಕಕ್ಕೆ ಹೋದವು.

ನಮ್ಮ ಕಡೆ ಪ್ಯಾಸೆಂಜರ್ ಎಳೆಯಲು ಹೆಚ್ಚಾಗಿ ವೈಪಿ, ಗೂಡ್ಸಿಗೆ ವೈಜಿ. ಎರಡಕ್ಕೂ ಬಾಯ್ಲರ್ ಒತ್ತಡ ಚದರ ಅಂಗುಲಕ್ಕೆ 210 ಪೌಂಡ್. ವೈಪಿಯ ಚಕ್ರದ ವ್ಯಾಸ 1,372 ಮಿಲಿಮೀಟರ್, ವೈಜಿಯದು 1,219. ಕಾಲೊನಿಯ ಹುಡುಗರಿಗೆ ಈ ಅಂಕಿಗಳು ಗೊತ್ತಿರಲಿಲ್ಲ, ಆದರೆ ಹಾಸಿಗೆಯಲ್ಲಿ ಮಲಗಿಕೊಂಡೇ ಬಂದದ್ದು ಯಾವುದು ಎಂದು ಹೇಳುತ್ತಿದ್ದರು. ಇನ್ನೂ ಚುರುಕಾದವರು ಡ್ರೈವರ್ ಯಾರು ಎಂದೂ ಹೇಳುತ್ತಿದ್ದರು, ಒಬ್ಬೊಬ್ಬರದು ಒಂದೊಂದು ಕೂಗು.

ಫಲಕದ ಮೇಲೆ ಬರೆಯಬಹುದಾದ್ದು ಇಷ್ಟೇ. ಬರೆಯಲಾಗದ್ದು ಬೇರೆ ಇದೆ.

ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿದ್ದವರು ಅಪ್ಪನ ಜೊತೆ ಫೈರ್‌ಮನ್ ಆಗಿದ್ದರು. ಮಾವ ಎಂದೇ ನಾವು ಕರೆಯುವುದು. ಈಗಲೂ ಅರಸೀಕೆರೆಯಲ್ಲೇ ಮಗನ ಮನೆಯಲ್ಲಿದ್ದಾರೆ. ಹೋದ ವರ್ಷ ಮಾತಾಡಿಸಲು ಹೋದಾಗ ನನ್ನ ಫೋನಿನಲ್ಲಿದ್ದ ಒಂದು ಫೋಟೋ ತೋರಿಸಿದೆ. ಯಾವುದೋ ವೈಪಿ, ದಟ್ಟ ಕರಿ ಹೊಗೆ ಕಾರಿಕೊಂಡು ಏರು ಹತ್ತುತ್ತಿದೆ. ಎಲ್ಲರೂ ಮೆಚ್ಚುವ ಚಿತ್ರ. ಮಾವ ಕನ್ನಡಕ ಸರಿಮಾಡಿಕೊಂಡು ನೋಡಿ ಮುಖ ಸಿಂಡರಿಸಿದರು.

"ಇವನ್ಯಾರಮ್ಮ, ಕೆಲಸ ಬರ್ದೋನು?"

ಯಾಕೆ ಮಾವ, ಚೆನ್ನಾಗಿದೆಯಲ್ಲ ಎಂದೆ.

"ಏನು ಚೆನ್ನಾಗಿದೆ? ಕಪ್ಪು ಹೊಗೆ ಬಂತು ಅಂದ್ರೆ ಕಲ್ಲಿದ್ದಲು ಉರೀದೆ ಆಚೆ ಹೋಗ್ತಾ ಇದೆ ಅಂತ. ಒಂದೇ ಸಲ ಹತ್ತು ಸಲಿಕೆ ತುಂಬಿ ಬಾಗಿಲು ಹಾಕ್ಕೊಂಡು ಬೀಡಿ ಸೇದ್ತಾ ಕೂತಿದಾನೆ. ಬೆಂಕಿಗೆ ಮಗೂಗೆ ಕೊಟ್ಟ ಹಾಗೆ ಸಣ್ಣ ಸಣ್ಣ ತುತ್ತು ಕೊಡಬೇಕು ಕಣಮ್ಮ. ಮೇಲೆ ತೆಳ್ಳಗೆ ಬೂದಿ ಬಣ್ಣ ಕಾಣಬೇಕು, ಅಷ್ಟೇ. ನಿಮ್ಮಪ್ಪ ಇದನ್ನ ನೋಡಿದ್ರೆ ಸಲಿಕೆ ಕಿತ್ಕೊಂಡಿರೋರು."

ನಾವು ಕ್ಯಾಲೆಂಡರಿಗೆ, ಸಿನಿಮಾಕ್ಕೆ, ಪೋಸ್ಟರಿಗೆ ಆರಿಸಿಕೊಂಡ ಉಗಿಬಂಡಿಯ ಚಿತ್ರವೆಲ್ಲ ಕೆಟ್ಟ ಕೆಲಸದ ಚಿತ್ರ. ಅದನ್ನು ಹೇಳಲು ಒಬ್ಬ ಫೈರ್‌ಮನ್ನೇ ಬೇಕಾಯಿತು.

ಆಮೇಲೆ ಮಾವ ನಿಲ್ಲಲಿಲ್ಲ. ಬೆಂಕಿಪೆಟ್ಟಿಗೆಯೊಳಗೆ ಕಲ್ಲಿದ್ದಲನ್ನು ಸಮನಾಗಿ ಎಸೆಯುವ ಹಾಗಿಲ್ಲವಂತೆ. ಹಿಂದಿನ ಎರಡು ಮೂಲೆಗೆ, ಬಾಗಿಲ ಕೆಳಗೆ ದಪ್ಪ, ಮುಂದಕ್ಕೆ ಹೋದಂತೆ ತೆಳು. ಏಕೆಂದರೆ ಎಂಜಿನ್ ಎಳೆಯುವಾಗ ಬೆಂಕಿ ತಾನೇ ಮುಂದಕ್ಕೆ ಸರಿಯುತ್ತದೆ. ಒಳಗೆ ಬಿಳಿ ಬೆಳಕು, ಕಣ್ಣು ಬಿಡಲಾಗದು. ಹಾಗಾಗಿ ಸಲಿಕೆಯನ್ನು ಬೋರಲು ಮಾಡಿ ಬಾಗಿಲೊಳಗೆ ಹಿಡಿದರೆ ಅದರ ಅಡಿಯಿಂದ ನುಗ್ಗುವ ಗಾಳಿ ಜ್ವಾಲೆಯನ್ನು ಒಂದು ಕಡೆ ಸರಿಸುತ್ತದೆ. ಆ ಕ್ಷಣದಲ್ಲಿ ಬೆಂಕಿಯ ಹಾಸಿಗೆಯಲ್ಲಿ ಎಲ್ಲಿ ತೂತು ಬಿದ್ದಿದೆ, ಎಲ್ಲಿ ಬೂದಿ ಕರಗಿ ಗಟ್ಟಿ ಕ್ಲಿಂಕರ್ ಕಟ್ಟಿದೆ ನೋಡಿಕೊಳ್ಳಬೇಕು. ಮುಂದಿನ ಸಲಿಕೆ ಅಲ್ಲಿಗೇ ಹೋಗಬೇಕು, ಅಲುಗಾಡುವ ಕಬ್ಬಿಣದ ಹಲಗೆಯ ಮೇಲೆ ನಿಂತು, ರಾತ್ರಿಯಲ್ಲಿ.

ನೀರಿನ ಕಥೆ ಇದಕ್ಕಿಂತ ಗಂಭೀರ. ಬಾಯ್ಲರಿನಲ್ಲಿ ನೀರು ಎಷ್ಟಿದೆ ಎಂದು ತೋರಿಸುವ ಗಾಜಿನ ಕೊಳವೆ ಇರುವುದು ಹಿಂದೆ, ಕ್ಯಾಬಿನ ಕಡೆಗೆ. ಏರು ಹತ್ತುವಾಗ ನೀರೆಲ್ಲ ಹಿಂದಕ್ಕೆ ಬಂದು ಗಾಜಿನಲ್ಲಿ ಬೇಕಾದಷ್ಟು ಕಾಣುತ್ತದೆ. ಏರು ಮುಗಿದು ಎಂಜಿನ್ ಮೂಗು ತಗ್ಗಿಸಿದೊಡನೆ ಅದೇ ನೀರು ಮುಂದಕ್ಕೆ ಓಡುತ್ತದೆ, ಬೆಂಕಿಯ ನೆತ್ತಿಯ ಮೇಲಿನ ತಗಡು ಬರಿದಾಗುತ್ತದೆ. ಅಲ್ಲಿ ಸೀಸದ ಬಿರಡೆ ಇಟ್ಟಿರುತ್ತಾರೆ. ನೀರು ತಪ್ಪಿದರೆ ಅದು ಕರಗಿ ಉಗಿ ಬೆಂಕಿಯ ಮೇಲೆ ಸುರಿಯುತ್ತದೆ, ಎಂಜಿನ್ ಅಲ್ಲೇ ನಿಲ್ಲುತ್ತದೆ, ಮಾರನೇ ದಿನ ಡ್ರೈವರ್ ಸಾಹೇಬರ ಮುಂದೆ ನಿಲ್ಲುತ್ತಾನೆ. ಅದೂ ಕರಗದೆ ತಗಡೇ ಕಾದು ಬಗ್ಗಿದರೆ ನಿಲ್ಲಲು ಯಾರೂ ಉಳಿಯದಿರಬಹುದು. ಆದ್ದರಿಂದ ಹಾಸನದ ಕಡೆಯ ಏರಿನಲ್ಲಿ ಗಾಜು ತುಂಬಿ ಕಂಡರೂ ನಂಬದೆ, ತುದಿ ಮುಟ್ಟುವ ಮೊದಲೇ ಬಾಯ್ಲರಿಗೆ ನೀರು ನುಗ್ಗಿಸುವ ಇಂಜೆಕ್ಟರ್ ತೆರೆಯಬೇಕು. ಎಲ್ಲಿ ತೆರೆಯಬೇಕು? ಯಾವ ಮೈಲಿಕಲ್ಲು, ಯಾವ ಆಲದ ಮರ, ಯಾವ ಮೋರಿ? ಮಾವ ಒಂದೊಂದಾಗಿ ಹೇಳಿದರು. ಅವರು ಹೇಳಿದ ಮರಗಳಲ್ಲಿ ಎಷ್ಟು ಉಳಿದಿವೆಯೋ, ಆ ಹಳಿಯಂತೂ ಈಗ ಬ್ರಾಡ್‌ಗೇಜ್ ಆಗಿ ವಿದ್ಯುತ್ ತಂತಿಯ ಕೆಳಗಿದೆ.

ಇಂಥ ತಿಳಿವಳಿಕೆ ಯಾವ ಕೈಪಿಡಿಯಲ್ಲೂ ಇರುವುದಿಲ್ಲ. ಕೈಪಿಡಿಗಳು ಇಂಗ್ಲಿಷಿನಲ್ಲಿದ್ದವು, ಕಲಿಸುತ್ತಿದ್ದುದು ಕನ್ನಡ, ತಮಿಳು, ತೆಲುಗು, ಉರ್ದು ಬೆರೆತ ಶೆಡ್ಡಿನ ಭಾಷೆಯಲ್ಲಿ, ಅರ್ಧ ಬೈಗುಳದಲ್ಲಿ. ಹಿರಿಯ ಕಿರಿಯನಿಗೆ ಕಲಿಸಿದ, ಆ ಕಿರಿಯ ತಾನು ಹಿರಿಯನಾಗುವ ಹೊತ್ತಿಗೆ ಕಲಿಸಿಕೊಳ್ಳುವವನು ಇರಲಿಲ್ಲ. ಕೊನೆಯ ವರ್ಷಗಳ ವಿಚಿತ್ರವೇ ಅದು. ಉತ್ತಮ ಫೈರ್‌ಮನ್‌ಗಳನ್ನು ಡೀಸೆಲ್ ತರಬೇತಿಗೆ ಕಳಿಸಿದರು, ಅವರು ಡೀಸೆಲ್ ಅಸಿಸ್ಟೆಂಟ್ ಆದರು. ಹೊಸದಾಗಿ ಬಿಡಿಭಾಗ ಬರುವುದು ಕಡಿಮೆಯಾಯಿತು, ಶೆಡ್ಡಿನ ಹಿಂದೆ ನಿಂತ ಸತ್ತ ಎಂಜಿನ್ನಿನಿಂದ ಬಿಚ್ಚಿ ಬದುಕಿದ್ದಕ್ಕೆ ಹಾಕುತ್ತಿದ್ದರು. ಫಿಟ್ಟರುಗಳ ನಿಜವಾದ ಕೈಚಳಕ ಕಂಡದ್ದು ಆಗಲೇ ಎನ್ನುತ್ತಾರೆ ಮಾವ. ಸೋರುವ ಗ್ಲ್ಯಾಂಡು, ಸವೆದ ಬೇರಿಂಗು, ಕೆಟ್ಟ ಕಲ್ಲಿದ್ದಲು, ಆದರೂ ಬೆಳಗಿನ ಪ್ಯಾಸೆಂಜರ್ ಹೊರಡಲೇಬೇಕು, ಅದರಲ್ಲಿ ಕಾಲೇಜಿನ ಮಕ್ಕಳು, ಹಾಲಿನ ಕ್ಯಾನು, ಕೋರ್ಟಿಗೆ ಹೋಗುವವರು ಕೂತಿದ್ದಾರೆ.

ಶೆಡ್ಡಿಗೆ ಸೇರಿದವರೆಲ್ಲ ಹಾಜರಿ ಪುಸ್ತಕದಲ್ಲಿ ಇರಲಿಲ್ಲ ಎಂಬುದನ್ನೂ ಹೇಳಬೇಕು. ಬೆಂಕಿ ಬೀಳಿಸುವ ಗುಂಡಿಯ ಹತ್ತಿರ ಹೆಂಗಸರು ತಂತಿಯ ಜರಡಿ, ಬಿದಿರು ಪುಟ್ಟಿ ಹಿಡಿದು ಕಾಯುತ್ತಿದ್ದರು. ಎಂಜಿನ್ ಬಂದು ಬೂದಿ ಸುರಿದು ನೀರು ಹೊಡೆದ ಮೇಲೆ ಅರ್ಧ ಬೆಂದ ಕಲ್ಲಿದ್ದಲನ್ನು ಆರಿಸಿ, ಜರಡಿ ಹಿಡಿದು, ತಲೆಯ ಮೇಲೆ ಹೊತ್ತು ಊರೊಳಗೆ ಮಾರುತ್ತಿದ್ದರು. ಹೋಟೆಲಿನವರು, ಇಸ್ತ್ರಿಯವರು, ನಮ್ಮಂಥ ಮನೆಗಳವರು ಕೊಳ್ಳುತ್ತಿದ್ದರು. ಕೆಂಡ ತುಳಿದು ಸುಟ್ಟ ಪಾದಗಳನ್ನು ನಾನು ನೋಡಿದ್ದೇನೆ. ಒಂದು ಕಡೆ ಅದು ಕಳ್ಳತನ ಎಂದು ಓಡಿಸುತ್ತಿದ್ದರು, ಇನ್ನೊಂದು ಕಡೆ ಗುಂಡಿ ಖಾಲಿಯಾದರೆ ಸಾಕು ಎಂದು ಸುಮ್ಮನಿರುತ್ತಿದ್ದರು. ಉಗಿ ನಿಂತ ದಿನ ಅಪ್ಪನಿಗೆ ಪಿಂಚಣಿ ಇತ್ತು. ಆ ಹೆಂಗಸರಿಗೆ ಮಾರನೇ ದಿನದ ಕೂಲಿ ಇರಲಿಲ್ಲ. ಅವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲವಾದ್ದರಿಂದ ಅವರು ಎಲ್ಲಿಗೆ ಹೋದರು ಎಂಬ ಲೆಕ್ಕವೂ ಇಲ್ಲ.

ಹಾಗಾದರೆ ಏನು ಮಾಡಬೇಕು? ಒಂದು ಎಂಜಿನ್ನನ್ನು ರಿಪೇರಿ ಮಾಡಿ ಓಡಿಸಿ ಎನ್ನುವವರಿದ್ದಾರೆ. ಹರಿಯಾಣದ ರೇವಾರಿಯಲ್ಲಿ ಹಳೆಯ ಶೆಡ್ಡಿನಲ್ಲಿ ಉಗಿ ಎಂಜಿನ್ನುಗಳನ್ನು ಜೀವಂತ ಇಟ್ಟಿದ್ದಾರೆ. ನೀಲಗಿರಿಯ ಹಲ್ಲುಹಳಿಯ ದಾರಿಗಾಗಿ ತಿರುಚಿಯ ಗೋಲ್ಡನ್ ರಾಕ್ ಕಾರ್ಖಾನೆಯವರು ಈ ಶತಮಾನದಲ್ಲೂ ಹೊಸ ಉಗಿ ಎಂಜಿನ್ ಕಟ್ಟಿದ್ದಾರೆ. ಅದು ನಿಜವಾಗಿಯೂ ದೊಡ್ಡ ಕೆಲಸ, ಕೈಗಳಲ್ಲಿನ ವಿದ್ಯೆ ಉಳಿಯುವುದು ಹಾಗೆಯೇ. ಆದರೆ ಕರ್ನಾಟಕದಲ್ಲಿ ನಾವು ಮೀಟರ್‌ಗೇಜ್ ಹಳಿಯನ್ನು ಕಿತ್ತಾಗಿದೆ. ಕಟ್ಟೆಯ ಮೇಲಿನ ವೈಪಿಯನ್ನು ನಾಳೆಯೇ ಸರಿಮಾಡಿದರೂ ಅದು ಓಡುವ ಜಾಗವಿಲ್ಲ. ಪ್ರದರ್ಶನಕ್ಕೆಂದು ಅರ್ಧ ಕಿಲೋಮೀಟರ್ ಹಳಿ ಹಾಕಿ ಮಕ್ಕಳನ್ನು ಕೂರಿಸಿ ಹಿಂದೆ ಮುಂದೆ ಓಡಿಸುವುದಕ್ಕೆ ಕೋಟಿಗಟ್ಟಲೆ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಆ ದುಡ್ಡಿನ ನೂರರಲ್ಲಿ ಒಂದು ಪಾಲು ಸಾಕು, ಇದ್ದವರ ಮಾತನ್ನು ದಾಖಲಿಸಲು.

ಶಿವಮೊಗ್ಗ-ತಾಳಗುಪ್ಪ ದಾರಿಯ ಅರಸಾಳು ನಿಲ್ದಾಣದ ಉದಾಹರಣೆ ನೋಡಿ. ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಯ ರೈಲು ನಿಲ್ದಾಣದ ದೃಶ್ಯಗಳನ್ನು ತೆಗೆದದ್ದು ಅಲ್ಲಿ. ನೈಋತ್ಯ ರೈಲ್ವೆ 2020ರಲ್ಲಿ ಆ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿತು. ಚೆನ್ನಾಗಿಯೇ ಮಾಡಿದ್ದಾರೆ, ಹೋದವರು ಖುಷಿಯಾಗಿ ಬರುತ್ತಾರೆ. ಆದರೂ ಯೋಚಿಸಿ, ಆರ್. ಕೆ. ನಾರಾಯಣ್ ಅವರ ಕಲ್ಪನೆಯಲ್ಲಷ್ಟೇ ಇದ್ದ ಊರಿಗೆ ನಮ್ಮಲ್ಲಿ ಒಂದು ಸ್ಮಾರಕವಿದೆ. ಅದೇ ಹಳಿಯ ಮೇಲೆ ಮಲೆನಾಡಿನ ಮಳೆಯಲ್ಲಿ ತೋಯ್ದ ಕಲ್ಲಿದ್ದಲನ್ನು ಉರಿಸಿಕೊಂಡು ತಾಳಗುಪ್ಪಕ್ಕೆ ಹೋಗಿಬಂದ ಮನುಷ್ಯರ ಒಂದು ಗಂಟೆಯ ಮಾತು ನಮಗೆ ಕೇಳಸಿಗುವುದಿಲ್ಲ.

ಇಂಗ್ಲೆಂಡಿನ ಮುಖ್ಯ ದಾರಿಗಳಿಂದ ಉಗಿ ಹೋದದ್ದು 1968ರ ಆಗಸ್ಟಿನಲ್ಲಿ. ಅವರು ಎಂಜಿನ್ನುಗಳನ್ನು ಉಳಿಸಿಕೊಂಡದ್ದು ಎಲ್ಲರಿಗೂ ಗೊತ್ತು. ಯಾರ್ಕ್‌ನ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿ ರೈಲ್ವೆ ಕೆಲಸಗಾರರ ಮೌಖಿಕ ಇತಿಹಾಸದ ಒಂದು ಭಂಡಾರವೂ ಇದೆ ಎಂಬುದು ಅಷ್ಟು ಜನಕ್ಕೆ ಗೊತ್ತಿಲ್ಲ. ಸಿಗ್ನಲ್‌ಮನ್, ಕ್ಲೀನರ್, ಫೈರ್‌ಮನ್ ತಮ್ಮ ತಮ್ಮ ಊರಿನ ಇಂಗ್ಲಿಷಿನಲ್ಲೇ ಮಾತಾಡಿರುವ ಧ್ವನಿಮುದ್ರಣಗಳು.

ನಮ್ಮಲ್ಲಿ ಇದಕ್ಕೆ ಬೇಕಾದ್ದೆಲ್ಲ ಆಗಲೇ ಇದೆ. ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಿಂದ ಇದೆ, ದೆಹಲಿಯದರ ನಂತರ ದೇಶದಲ್ಲಿ ಮೊದಲು ಬಂದವುಗಳಲ್ಲೊಂದು. ಹುಬ್ಬಳ್ಳಿಯಲ್ಲೂ 2020ರಲ್ಲಿ ಒಂದು ತೆರೆದಿದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ಹಾಡು ಕಥೆಗಳನ್ನು ಕೂತು ಕೇಳಿ ದಾಖಲಿಸುವ ವಿದ್ಯೆಯೇ ಅವರದು. ಫೈರ್‌ಮನ್ನಿನ ವಿದ್ಯೆಯನ್ನು ಜನಪದವಲ್ಲ ಎಂದು ಯಾಕೆ ತಿಳಿಯಬೇಕು? ಇನ್ನು ನಿವೃತ್ತರು ಎಲ್ಲಿದ್ದಾರೆ ಎಂದು ಹುಡುಕುವ ತಾಪತ್ರಯವೂ ಇಲ್ಲ. ಪಿಂಚಣಿ ಪಡೆಯುವ ಪ್ರತಿಯೊಬ್ಬರ ವಿಳಾಸ, ಸೇರಿದ ವರ್ಷ, ಹುದ್ದೆ ರೈಲ್ವೆಯ ಕಡತದಲ್ಲಿದೆ. ಪ್ರತಿ ನವೆಂಬರಿನಲ್ಲಿ ಈ ಹಿರಿಯರು ತಾವು ಬದುಕಿದ್ದೇವೆ ಎಂದು ಪ್ರಮಾಣಪತ್ರ ಕೊಡಬೇಕು, ಅದಕ್ಕಾಗಿ ಬ್ಯಾಂಕಿನ ಬೆಂಚಿನ ಮೇಲೆ ಕಾಯುತ್ತಾರೆ. ರೈಲ್ವೆ ಪಿಂಚಣಿ ಅದಾಲತ್ ನಡೆಸಿದಾಗಲೂ ಬರುತ್ತಾರೆ. ಬದುಕಿದ್ದೀರಾ ಎಂದು ಕೇಳುವ ಜಾಗದಲ್ಲೇ ಪಕ್ಕಕ್ಕೆ ಒಂದು ಮೇಜು, ಎರಡು ಕುರ್ಚಿ, ಒಂದು ಮೈಕು ಹಾಕಿ, ಬದುಕಿದ್ದು ಹೇಗೆ ಎಂದೂ ಕೇಳಬಹುದು.

ಕೇಳುವಾಗ "ನಿಮ್ಮ ಅನುಭವ ಹಂಚಿಕೊಳ್ಳಿ" ಎನ್ನಬಾರದು. ಹಾಗೆಂದರೆ ಅವರು ಸನ್ಮಾನ ಸಭೆಯ ಭಾಷಣ ಶುರುಮಾಡುತ್ತಾರೆ, ನಮ್ಮ ಹಿರಿಯರಿಗೆ ಅದೊಂದು ಚಟ. ವಸ್ತುವಿನ ಬಗ್ಗೆ ಕೇಳಬೇಕು. ಲೈನ್‌ಬಾಕ್ಸಿನಲ್ಲಿ ಏನೇನು ಇಟ್ಟುಕೊಳ್ಳುತ್ತಿದ್ದಿರಿ? ಬೇರೆ ಊರಿನಲ್ಲಿ ತಂಗುವ ರನ್ನಿಂಗ್ ರೂಮಿನಲ್ಲಿ ಅಡುಗೆ ಯಾರದು, ಯಾವ ಜಾತಿಯವರು ಯಾರ ಪಕ್ಕ ಕೂತು ಉಣ್ಣುತ್ತಿದ್ದರು? ಓಡುವ ಎಂಜಿನ್ನಿನಿಂದ ಮುಂದೆ ಹೋಗಲು ಅನುಮತಿ ಕೊಡುವ ಟೋಕನ್ನಿನ ಬೆತ್ತದ ಬಳೆ ಹಿಡಿಯುವಾಗ ಯಾವ ಕೈ ಮುಂದೆ? ಗೇಜ್‌ಗ್ಲಾಸ್ ಒಡೆದರೆ ಮೊದಲು ಏನು ಮಾಡುತ್ತಿದ್ದಿರಿ? ಯಾವ ನಂಬರಿನ ಎಂಜಿನ್ನಿಗೆ ಎಲ್ಲರೂ ಹೆದರುತ್ತಿದ್ದರು, ಯಾಕೆ? ಡೀಸೆಲ್ ಶಾಲೆಯಲ್ಲಿ ಫೇಲಾದವರು ಏನಾದರು? ಹೆಂಡತಿಯರನ್ನೂ ಕೂರಿಸಿ ಕೇಳಬೇಕು, ಕಾಲ್‌ಬಾಯ್ ಬಂದ ರಾತ್ರಿಗಳ ಲೆಕ್ಕ ಅವರ ಹತ್ತಿರವೇ ಇರುವುದು.

ಮಾವನ ಎರಡು ಗಂಟೆಯ ಮಾತು ನನ್ನ ಫೋನಿನಲ್ಲಿದೆ. ನಿವೃತ್ತ ಮೇಷ್ಟ್ರೊಬ್ಬಳ ಫೋನು ಒಂದು ರಾಜ್ಯದ ದಫ್ತರವಾಗಲಾರದು. ನೈಋತ್ಯ ರೈಲ್ವೆಯ ಮೂರು ವಿಭಾಗಗಳು, ಹುಬ್ಬಳ್ಳಿ, ಬೆಂಗಳೂರು, ಮೈಸೂರು, ಒಬ್ಬೊಬ್ಬ ಅಧಿಕಾರಿಯನ್ನು ಇದಕ್ಕೆಂದು ಗೊತ್ತುಮಾಡಿ ಬರುವ ನವೆಂಬರಿನಲ್ಲೇ ಶುರುಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಅಲ್ಲಿಯವರೆಗೆ ಓದುಗರಲ್ಲಿ ಒಂದು ಮಾತು. ಅರಸೀಕೆರೆ, ಬೀರೂರು, ಹರಿಹರ, ಶಿವಮೊಗ್ಗ, ಹುಬ್ಬಳ್ಳಿ, ಗದಗ, ಮೈಸೂರು, ಈ ಯಾವ ಊರಿನಲ್ಲಾದರೂ ನಿಮ್ಮ ಬೀದಿಯಲ್ಲಿ ಉಗಿ ಎಂಜಿನ್ನಿನಲ್ಲಿ ದುಡಿದ ಹಿರಿಯರಿದ್ದರೆ ಈ ಭಾನುವಾರವೇ ಹೋಗಿ. ಫೋನನ್ನು ಪೂರ್ತಿ ಚಾರ್ಜ್ ಮಾಡಿಕೊಂಡು ಹೋಗಿ, ಒಮ್ಮೆ ಶುರುಮಾಡಿದರೆ ಅವರು ಬೇಗ ನಿಲ್ಲಿಸುವವರಲ್ಲ.